ಮುನಿಸಿನ ಮನೆಗೆ ಜೇನಿಲ್ಲ

ಅಮ್ಮ ಒಗೆದ ಬಟ್ಟೆ ಹರವುತ್ತಿದ್ದಾಗ ಜೇನು ಸಾಕುವ ಅಜ್ಜಿಯ ಫೋನ್ ಬಂತು: "ಇವತ್ತು ಜೇನು ತೆಗೀತಿದ್ದೀವಿ, ತಪ್ಪಿದ್ರೆ ಮುಂದಿನ ವರ್ಷವೇ!" ಒದ್ದೆ ಬಟ್ಟೆ ಬುಟ್ಟಿಯಲ್ಲೇ ಉಳಿಯಿತು, ಮನೆಮಂದಿಯೆಲ್ಲ ಕಾರು ಹತ್ತಿದರು.

ಕಾಯಿಸದ ಜೇನು ತಾನಾಗಿ ಹರಳುಗಟ್ಟುತ್ತದೆಂದು ಅರಿಯದ ಅಪ್ಪ, ಹಿಂದಿನ ದಿನ ಮನೆಯಲ್ಲಿದ್ದುದನ್ನು ಕೆಟ್ಟಿತೆಂದು ಚೆಲ್ಲಿ, ಬಾಟಲಿಯನ್ನು ಫಳಫಳ ತೊಳೆದಿಟ್ಟಿದ್ದ. ಆಗಿನಿಂದ ಗಂಡಹೆಂಡಿರ ನಡುವೆ ಮಾತಿಲ್ಲ, ಮಗಳು ಪುಟ್ಟಿಯೇ ಅಂಚೆಯಾಳು.

"ನಿಮ್ಮಪ್ಪಂಗೆ ಹೇಳು, ಎಡಕ್ಕೆ ತಿರುಗ್ಬೇಕು ಅಂತ."

"ನಿಮ್ಮಮ್ಮಂಗೆ ಹೇಳು, ನಂಗೂ ಕಣ್ಣಿದೆ ಅಂತ."

ದಾರಿಯುದ್ದಕ್ಕೂ ಮಾತು ಹೊತ್ತು ಹೊತ್ತು ಅವಳ ಗಂಟಲು ಒಣಗಿತು.

ಶೆಡ್ಡಿನಲ್ಲಿ ಅಜ್ಜಿಯ ಮಗ, ಸೊಸೆ ಜೇನು ಸೋಸುತ್ತಿದ್ದರು. ಅಜ್ಜಿ ತುಂಬಿದ ಬಾಟಲಿಯನ್ನು ಎದೆಗವುಚಿಕೊಂಡು, ಕೊಳ್ಳಲು ಬಂದವರನ್ನೆಲ್ಲ ಕೇಳುವುದನ್ನೇ ಇವರನ್ನೂ ಕೇಳಿದಳು: "ಮನೇಲಿ ಜಗಳ ಗಿಗಳ ಇಲ್ಲ ತಾನೆ? ಮುನಿಸಿನ ಮನೆಗೆ ನಾನು ಜೇನು ಕೊಡಲ್ಲ. ಸಾವಿರಾರು ನೊಣ ಒಂದೇ ಪೆಟ್ಟಿಗೇಲಿ ಹೊಂದ್ಕೊಂಡು ಮಾಡಿದ್ದಿದು!"

"ಛೇ ಛೇ, ನಮ್ಮದು ಹಾಲುಜೇನಿನಂಥ ಸಂಸಾರ ಅಜ್ಜಿ" ಎಂದ ಅಪ್ಪ. ಅಮ್ಮ ಅವನ ತೋಳು ಹಿಡಿದು ಹಲ್ಲು ಕಿರಿದಳು. ಅಜ್ಜಿ ಬಾಟಲಿಯನ್ನು ಮುಂದೆ ಚಾಚಿದಳು.

ಪುಟ್ಟಿಗೆ ಇನ್ನು ತಡೆಯಲಾಗಲಿಲ್ಲ.

"ಹಾಗಾದ್ರೆ ಅಮ್ಮಾ, ವಾಪಸ್ ಹೋಗ್ತಾ ನೀವಿಬ್ರೇ ಮಾತಾಡ್ಕೊತೀರಾ, ಇಲ್ಲಾ ಮತ್ತೆ ನಾನೇ ಹೇಳ್ಬೇಕಾ?"