ದೋರುಗಾಯಿ ಊರುಗಳ ಶಿವಕುಮಾರಿ

ಶಿವಕುಮಾರಿ ಕರುಣೆಯಿಲ್ಲದ ಹೆಂಗಸು. ಇದನ್ನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ. ಎದುರಿಗೇ ಹೇಳಿದ್ದೇನೆ, ಆಗೆಲ್ಲ ಅವಳು ಒಳ್ಳೆಯ ಅಂಕ ಬಂದ ವಿದ್ಯಾರ್ಥಿನಿಯಂತೆ ತಲೆಯಾಡಿಸಿದ್ದಾಳೆ. ಅಳುವವರ ಮುಂದೆ ಅವಳ ಕಣ್ಣು ತೇವವಾದದ್ದನ್ನು ನಾನು ನೋಡಿಲ್ಲ. ಯಾರಾದರೂ ತಮ್ಮ ಕಷ್ಟ ತೋಡಿಕೊಂಡರೆ ಪೂರ್ತಿ ಕೇಳಿಸಿಕೊಳ್ಳುತ್ತಾಳೆ, ನಡುವೆ ಬಾಯಿ ಹಾಕುವುದಿಲ್ಲ, ಕೊನೆಗೆ ಕೋಟಿನ ಜೇಬಿಗೆ ಕೈಯಿಳಿಸಿ, "ಅದು ಬ್ಯಾರೆ, ಇದು ಬ್ಯಾರೆ ರೀ" ಎಂದು ಮಾತು ಮುಗಿಸುತ್ತಾಳೆ.

ಆ ಕೋಟಿನ ವಿಷಯವನ್ನು ಮೊದಲು ಹೇಳಬೇಕು. ಸಿಂಧನೂರಿನ ಬಿಸಿಲಿಗೆ ಮೈಮೇಲಿನ ಹತ್ತಿಯ ಬಟ್ಟೆಯೇ ಭಾರವಾಗುವಾಗ ಇವಳು ಕಂದು ಬಣ್ಣದ, ಮೊಣಕಾಲು ಮುಟ್ಟುವ, ಗಂಡಸರ ಅಳತೆಯ ಕೋಟು ತೊಟ್ಟು ಮುಂದಕ್ಕೆ ಬಾಗಿ, ಎದುರುಗಾಳಿಯನ್ನು ಹಣೆಯಿಂದ ನೂಕುವವಳಂತೆ ನಡೆಯುತ್ತಾಳೆ. ಒಂದು ಜೇಬಿನಲ್ಲಿ ಫೋನು, ಇನ್ನೊಂದರಲ್ಲಿ ಅದರ ಚಾರ್ಜರು, ಒಳಜೇಬಿನಲ್ಲಿ ಹುರಿದ ಶೇಂಗಾ. ಮದುವೆಯ ಊಟದ ಪಂಕ್ತಿಯಲ್ಲೂ ಅದನ್ನು ಬಿಚ್ಚಿದವಳಲ್ಲ. ಅವಳ ಅಪ್ಪ ಅಮರಗುಂಡಪ್ಪನವರು ಗಂಜ್ ಮಾರುಕಟ್ಟೆಯಲ್ಲಿ ಬೀಜ-ಗೊಬ್ಬರದ ವ್ಯಾಪಾರಿ. "ಅಂಗಡಿಗೆ ಬಂದ ರೈತರು ನನ್ನ ಬಿಟ್ಟು ಆಕಿ ಕೋಟು ನೋಡ್ತಾರ್ರೀ ಮೇಡಂ" ಎಂದು ನನ್ನಲ್ಲಿ ದೂರಿದ್ದರು. ಬಿಚ್ಚು ಎಂದು ಹೇಳುವ ಧೈರ್ಯ ಅವರಿಗೂ ಬರಲಿಲ್ಲ.

ನನ್ನ ಕೈಯಲ್ಲಿ ಅರ್ಥಶಾಸ್ತ್ರ ಕಲಿತವಳು. ಕಲಿತದ್ದನ್ನು ಉಪಯೋಗಿಸಿದವರು ಬಹಳ ಜನರಿಲ್ಲ, ಇವಳು ಉಪಯೋಗಿಸಿದಳು. ಪದವಿ ಕಾಲೇಜುಗಳಲ್ಲಿ ಈಗ ವಿಷಯಗಳ ರಾಶಿ: ಒಬ್ಬಳಿಗೆ ಇತಿಹಾಸದ ಜೊತೆ ಗಣಕ ಬೇಕು, ಇನ್ನೊಬ್ಬನಿಗೆ ಭೂಗೋಳದ ಜೊತೆ ಐಚ್ಛಿಕ ಕನ್ನಡ, ಎರಡು ತರಗತಿಗಳು ಒಂದೇ ಗಂಟೆಗೆ ಬಿದ್ದು ಮಕ್ಕಳು ಒಂದನ್ನು ಕಳೆದುಕೊಳ್ಳುತ್ತಾರೆ. ಪ್ರತಿ ವಿದ್ಯಾರ್ಥಿಗೂ ಅವನ ವಿಷಯ, ಅಧ್ಯಾಪಕರ ಬಿಡುವು, ಊರಿನ ಬಸ್ಸು ಮೂರನ್ನೂ ಹೊಂದಿಸಿ ವೇಳಾಪಟ್ಟಿ ಕಟ್ಟಿಕೊಡುವ ಆ್ಯಪು ಅವಳದು, ಹೆಸರು 'ಸರದಿ'. ಒಳಗಿನ ಯಂತ್ರವನ್ನು ಬರೆದವನು ಅವಳ ಸಹಪಾಠಿ ಪರ್ವೇಜ್. ಅದು ಯಾವ ಊರಿಗೆ ಯಾವಾಗ ಹೋಗಬೇಕು, ಯಾರಿಗೆ ಮೊದಲು ತೋರಿಸಬೇಕು ಎಂಬ ತಲೆ ಮಾತ್ರ ಇವಳದು.

ಆ ತಲೆ ಸಾಮಾನ್ಯದ್ದಲ್ಲ. ಕಾಲುವೆಗೆ ನೀರು ಬಿಟ್ಟ ವಾರದಲ್ಲಿ ತುರ್ವಿಹಾಳದ, ವಳಕಮದಿನ್ನಿಯ ಮಕ್ಕಳು ಭತ್ತದ ನಾಟಿಗೆ ಹೋಗಿ ತರಗತಿಗಳು ಖಾಲಿಯಾಗುವುದನ್ನು ನಾವೆಲ್ಲ ವರ್ಷವರ್ಷವೂ ನೋಡಿ ಬೈದವರೇ. ಇವಳು ಬೈಯಲಿಲ್ಲ, ಆ ವಾರಗಳಲ್ಲಿ ಕಠಿಣ ಪಾಠವನ್ನೂ ಕಿರುಪರೀಕ್ಷೆಯನ್ನೂ ಇಡದಂತೆ ಆ್ಯಪಿಗೆ ಕಲಿಸಿದಳು. ಒಬ್ಬ ಪ್ರಾಂಶುಪಾಲರು, ನಾಟಿ ಪಠ್ಯಕ್ರಮದಲ್ಲಿಲ್ಲವಲ್ಲ ಎಂದು ಮುಖ ಸಿಂಡರಿಸಿದಾಗ ಅವಳು ಹೇಳಿದ್ದು: "ಭತ್ತಕ್ಕ ನಿಮ್ಮ ಸಿಲಬಸ್ ಯಾರೂ ಓದಿ ಹೇಳಿಲ್ಲ ರೀ ಸರ."

ತುರ್ವಿಹಾಳದ ಆದಮ್ಮ ಎಂಬ ಕೂಲಿ ಹೆಂಗಸು ಮಗಳ ಫೋನಿನಲ್ಲಿ ಇಣುಕಿ, "ನಮ್ಮ ಹುಡುಗಿ ಮನಿಗಿ ಯಾವಾಗ ಮುಟ್ತಾಳ ಅಂತ ಇದ್ರಾಗ ಕಾಣ್ತದನವಾ?" ಎಂದು ಕೇಳಿದ ದಿನ ಶಿವಕುಮಾರಿ ನನ್ನ ಮನೆಗೆ ಓಡಿ ಬಂದಳು. ಆ್ಯಪನ್ನು ಬಳಸುವವರು ಮಕ್ಕಳು, ಒಪ್ಪುವವರು ಕಾಲೇಜಿನವರು, ಆದರೆ ನಿಜವಾಗಿ ಬೇಕಾಗಿರುವುದು ತಾಯಂದಿರಿಗೆ: ಅವಳ ಮುಂದಿನ ಯೋಜನೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತವು. ಮನೆ ಮುಟ್ಟುವ ಹೊತ್ತು ಪರದೆಯ ಮೇಲ್ತುದಿಗೆ ಬಂತು.

ಭಾನುವಾರಗಳಂದು ನನ್ನ ಮನೆಯ ಕಟ್ಟೆಯ ಮೇಲೆ ಕೂತು ಊರುಗಳನ್ನು ಹಣ್ಣಿನಂತೆ ವಿಂಗಡಿಸುತ್ತಿದ್ದಳು. ಸಿಂಧನೂರು ಹಣ್ಣು. ಲಿಂಗಸೂಗೂರು ದೋರುಗಾಯಿ, ಇನ್ನೊಂದು ಬಿಸಿಲು ಬಿದ್ದರೆ ಸಾಕು. ಮಸ್ಕಿ ಹೀಚು, ಆದರೆ ಈಗಲೇ ಕೈಯಿಡದಿದ್ದರೆ ಬೇರೆಯವರು ಕೀಳುತ್ತಾರೆ. ಯಾವ ಊರಿಗೆ ಹೋಗುವ ಮೊದಲೂ ಅಲ್ಲಿನ ಬಸ್ ನಿಲ್ದಾಣದಲ್ಲಿ ನಿಂತು ಯಾರು ಎಲ್ಲಿಂದ ಇಳಿಯುತ್ತಾರೆಂದು ನೋಡುತ್ತಾಳೆ. ಶೇಂಗಾ ಮುಗಿಯುವ ತನಕ ನಿಲ್ಲುತ್ತಾಳೆ.

ಮಸ್ಕಿಯಲ್ಲಿ ಎಡವಿದ್ದು ಹೀಗೆ ಬಸ್ಸನ್ನೇ ನೋಡುತ್ತ ನಿಂತದ್ದರಿಂದ. ಕಾಲುವೆ ಸೀಮೆಯ ಮಗಳಲ್ಲವೇ, ದಾರಿಯೆಂದರೆ ಬಸ್ಸು ಎಂದುಕೊಂಡಿದ್ದಳು. ಸಂತೆಕಲ್ಲೂರಿನ ಕಡೆಯ ಜೋಳದ ಹೊಲಗಳ ಮಕ್ಕಳು ಹೆಚ್ಚಾಗಿ ನಂಬಿರುವುದು ಸೀಟಿನ ಆಟೋಗಳನ್ನು. ಅವುಗಳಿಗೆ ಗಂಟೆಯಿಲ್ಲ, ತುಂಬಿದಾಗ ಹೊರಡುತ್ತವೆ. ಖಾಲಿ ಸೀಟಿನ ಬಾಡಿಗೆ ಕೊಡುತ್ತೇನೆಂದರೂ ಹೊರಡುವುದಿಲ್ಲ, ಏಕೆಂದರೆ ಹಾಗೆ ಹೊರಟವನು ದಾರಿಯಲ್ಲಿ ಮತ್ತೊಬ್ಬರನ್ನು ಹತ್ತಿಸಿಕೊಂಡು ಹಿಂದೆ ಪಾಳಿಗೆ ಕಾದು ನಿಂತವನ ಹೊಟ್ಟೆಗೆ ಕಲ್ಲು ಹಾಕುತ್ತಾನೆಂಬುದು ಚಾಲಕರ ಕಟ್ಟಳೆ. ಸೀಟಿನ ಮೇಲೆ ತಲೆಯೇ ಬೇಕು.

ಸಂತೆಕಲ್ಲೂರಿನ ದೀಪಿಕಾ ತನ್ನ ಮನೆಯಿಂದ ಪದವಿಗೆ ಬಂದ ಮೊದಲನೆಯವಳು. 'ಸರದಿ' ಅವಳ ಭೂಗೋಳದ ಪ್ರಾಯೋಗಿಕ ತರಗತಿಯನ್ನು ಶುಕ್ರವಾರದ ಕೊನೆಗೆ ಇಟ್ಟು, ಮನೆ ಮುಟ್ಟುವ ಹೊತ್ತನ್ನು ಪರದೆಯ ಮೇಲೆ ತೋರಿಸಿತು. ಆಟೋ ತುಂಬಲಿಲ್ಲ. ಹುಡುಗಿ ಮನೆ ಸೇರುವಾಗ ದೀಪ ಹಚ್ಚಿದ್ದರು. ಪರದೆಯ ಮೇಲೆ ಒಂದು ಹೊತ್ತು, ಬಾಗಿಲಿಗೆ ಬಂದದ್ದು ಇನ್ನೊಂದು ಹೊತ್ತು. ನಡುವೆ ಎಲ್ಲಿದ್ದಳು ಎಂದು ತಂದೆ ಕೇಳಿದರು, ಇನ್ನೊಮ್ಮೆ ಹೀಗಾದರೆ ಕಾಲೇಜು ಬಂದ್ ಎಂದರು.

ದೀಪಿಕಾಳ ತಾಯಿ ಅಮರೇಶ್ವರಿ ಬುಧವಾರ ಫೋನು ಮಾಡಿದಾಗ ಶಿವಕುಮಾರಿ ನನ್ನ ಕಟ್ಟೆಯ ಮೇಲೇ ಇದ್ದಳು, ಸ್ಪೀಕರ್ ಹಾಕಿ ಮಾತಾಡಿದಳು.

"ನಿಮ್ಮ ಆ್ಯಪ್ ಖರೇ ಅಂತ ಆಕಿ ಅಪ್ಪ ನಂಬ್ಯಾನವಾ, ಮಗಳು ಸುಳ್ಳು ಅಂತ ನಂಬ್ಯಾನ. ಶುಕ್ರವಾರ ತಪ್ಪಿಸಿದ್ರ ಅಂಕ ಹೋಗ್ತಾವ. ನಾ ಏನ್ ಮಾಡ್ಲಿ?"

"ಹೊಸ ಪಟ್ಟಿ ಸೋಮವಾರ ಬರ್ತದ ರೀ, ಪರ್ವೇಜ್ ತಿದ್ದಾಕತ್ತಾನ. ಒಬ್ಬಾಕಿ ಸಲುವಾಗಿ ನಡುವ ಕಾಲೇಜೆಲ್ಲಾ ಕದಲಿಸಾಕ ಬರಂಗಿಲ್ಲ."

"ಅಷ್ಟೊತ್ತಿಗೆ ಶುಕ್ರವಾರ ಬರ್ತದಲ್ಲವಾ."

"ನಾನs ನಿಮ್ಮ ಯಜಮಾನ್ರ ಜೋಡಿ ಮಾತಾಡ್ಲಾ?"

"ಬ್ಯಾಡs ಬ್ಯಾಡ! ಮನಿ ಮಾತು ಹೊರಗ ಹೋತಂತ ಇವತ್ತs ಬಿಡಿಸ್ತಾನ."

ಫೋನು ಇಟ್ಟಮೇಲೆ, ಹುಡುಗಿಯ ಓದು ನಿಂತರೆ ಯಾರ ಲೆಕ್ಕಕ್ಕೆ ಎಂದು ನಾನು ಕೇಳಿದೆ. "ಸಂತೆಕಲ್ಲೂರು ಕಡಿ ಒಂದು ಆಟೋದಷ್ಟು ಹುಡುಗ್ರು ರೀ ಮೇಡಂ. ಅದು ಮಾರ್ಕೆಟ್ ಅಲ್ಲ. ತಪ್ಪು ನಂದು, ತಿದ್ತೀನಿ, ಅಳೂದು ಬ್ಯಾರೆ, ತಿದ್ದೂದು ಬ್ಯಾರೆ" ಎಂದಳು. ಅದೇ ರಾತ್ರಿಯಿಂದ ಸಂತೆಕಲ್ಲೂರು ದಾರಿಯ ಮಕ್ಕಳ ಪರದೆಯಲ್ಲಿ ಮನೆ ಮುಟ್ಟುವ ಹೊತ್ತಿನ ಜಾಗದಲ್ಲಿ 'ಆಟೋ ತುಂಬಿದ ಮೇಲೆ' ಎಂದು ಬರತೊಡಗಿತು. ನೆವ ಹೇಳದೆ ತಪ್ಪು ಒಪ್ಪಿದ್ದನ್ನು ಮೆಚ್ಚಿದೆ. ಕರುಣೆಯಿಲ್ಲ ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಆ ಶುಕ್ರವಾರವೇ ಸಂಜೆ ಲಿಂಗಸೂಗೂರಿನಲ್ಲಿ ಕೆಲವು ಕಾಲೇಜುಗಳ ಆಡಳಿತದವರು ಕೂಡಿ ಕುಳಿತು ಆ್ಯಪನ್ನು ನೋಡುವವರಿದ್ದರು. ಹುಬ್ಬಳ್ಳಿಯ ಕಂಪನಿಯೊಂದು ಆಗಲೇ ಅವರ ಹೊಸ್ತಿಲಲ್ಲಿತ್ತು; ಇವಳು ಬಾರದಿದ್ದರೆ ಅಂದೇ ಅದಕ್ಕೆ ಒಪ್ಪಿಗೆ ಎಂದು ತಿಳಿಸಿದ್ದರು. ಅವರಲ್ಲೊಬ್ಬರು ನನ್ನ ಹಳೆಯ ವಿದ್ಯಾರ್ಥಿಯಾದ್ದರಿಂದ ನನ್ನನ್ನೂ ಕರೆದುಕೊಂಡು ಹೊರಟಿದ್ದಳು. ದಾರಿಯುದ್ದಕ್ಕೂ ಲಿಂಗಸೂಗೂರಿನ ಆಚೆಯ ಊರುಗಳನ್ನು ಹೀಚು, ದೋರುಗಾಯಿ ಎಂದು ಎಣಿಸುತ್ತಿದ್ದಳು. ನಾಳೆಯನ್ನು ಕಟ್ಟುವವರ ಜಾತಿಯೇ ಹೀಗೆ ಎಂದು ನಾನು ಕೇಳುತ್ತ ಕೂತಿದ್ದೆ: ಅವರಿಗೆ ಊರು ಕಾಣುತ್ತದೆ, ಬಾಗಿಲು ಕಾಣುವುದಿಲ್ಲ, ಒಂದೊಂದು ಬಾಗಿಲಿಗೂ ನಿಂತವರಿಂದ ಯಾವ ಊರೂ ಕಟ್ಟಲಾಗಿಲ್ಲ, ಆದ್ದರಿಂದ ನಾವು ಅವರನ್ನು ಮೆಚ್ಚಬೇಕು, ಅವರಿಂದ ಮಮತೆಯನ್ನು ಬೇಡಬಾರದು.

ಮಸ್ಕಿಯಲ್ಲಿ ಬಸ್ಸು ನಿಂತಿತು. ಶೇಂಗಾ ಮುಗಿದಿತ್ತೆಂದು ಇಳಿದಳು. ರಸ್ತೆಯಾಚೆ ಸಂತೆಕಲ್ಲೂರಿನ ಆಟೋ, ಅದರ ಚಾಲಕ ಬಾಬುಸಾಬ್ ಹೊರಗೆ ನಿಂತು ಕೂಗುತ್ತಿದ್ದ. ಹಿಂದಿನ ಸೀಟಿನಲ್ಲಿ ಇಬ್ಬರು ಮುದುಕಿಯರ ನಡುವೆ, ಇಳಿಯುವ ಬಿಸಿಲನ್ನೇ ನೋಡುತ್ತ, ಭೂಗೋಳದ ನಕ್ಷೆಯ ಸುರುಳಿಯನ್ನು ಎದೆಗೊತ್ತಿಕೊಂಡ ಹುಡುಗಿ.

"ಬಿಡಪಾ ಬಾಬುಸಾಬ್, ಕೂತಲ್ಲೇ ಬೇರು ಬಿಟ್ವು" ಎಂದಳು ಒಬ್ಬ ಮುದುಕಿ.

"ಒಂದು ತಲಿ ಕಮ್ಮಿ ಐತೆ ಆಯಿ. ನಿನ್ನ ತಲಿ ಎರಡು ಅಂತ ಬರಕೊಳ್ಳೇನು?"

ಶಿವಕುಮಾರಿ ಶೇಂಗಾದವನ ಕಡೆ ಹೋಗದೆ ರಸ್ತೆ ದಾಟಿದಳು. ನಮ್ಮ ಬಸ್ಸು ಹಾರ್ನು ಹಾಕಿತು. ನಾನು ಕಿಟಕಿಯಿಂದ ಕೂಗಿದೆ: "ಶಿವಕುಮಾರಿ, ಲಿಂಗಸೂಗೂರು!"

"ಅದು ಬ್ಯಾರೆ ರೀ ಮೇಡಂ" ಎಂದಳು, ತಿರುಗದೆ.

ಸಂತೆಕಲ್ಲೂರಿನಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಆ ಆಟೋದಲ್ಲಿ ಉಳಿದಿದ್ದ ಜಾಗ ಕೋಟು ತೊಟ್ಟವರು ಕೂರುವಷ್ಟು ಅಗಲವಿರಲಿಲ್ಲ. ಅವಳು ಕೋಟಿನ ಗುಂಡಿಗಳನ್ನು ಬಿಚ್ಚಿದಳು, ತೋಳುಗಳಿಂದ ಅದನ್ನು ಕಳಚಿ ಮಡಚಿ ತೊಡೆಯ ಮೇಲಿಟ್ಟುಕೊಂಡು, ತೆಳ್ಳಗೆ, ಹುಡುಗಿಯ ಪಕ್ಕದ ಮುದುಕಿಗೆ ಒತ್ತಿ ಕೂತಳು. ಬಾಬುಸಾಬ್ ಆಟೋ ಬಿಟ್ಟ.