ಕೈ ತೆಗೆದು ನಿಂತ ಅತ್ತಿಗೆ

ಸಮತಟ್ಟಾದ ನೆಲದ ಮೇಲೂ ಅತ್ತಿಗೆ ಕಾಲನ್ನು ಒಂದಿಷ್ಟು ಎತ್ತಿಯೇ ಇಡುತ್ತಿದ್ದರು. ವರ್ಷಾನುಗಟ್ಟಲೆ ವೇದಿಕೆಯ ತಂತಿಗಳನ್ನು ದಾಟಿ ದಾಟಿ ಮೈಗೂಡಿದ ನಡಿಗೆ ಅದು. ಅಡುಗೆಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ನುಣುಪು ಹಾಸಿನ ಮೇಲೂ ಯಾರಿಗೂ ಕಾಣದ ತಂತಿಯೊಂದು ಅವರ ಮುಂದೆ ಬಿದ್ದಿರುತ್ತಿತ್ತು. ಮೈಮೇಲೆ ಸದಾ ಒಂದು ಬೂದು ಕೋಟು, ಅದರ ಜೇಬು ತುಂಬ ಫ್ಯೂಸು, ಪ್ಲಗ್ಗು, ತುಂಡು ಟೇಪು. ಆ ಕೋಟೇ ತಮ್ಮ ಮದುವೆಯ ಫೋಟೋ ಕೆಡಿಸಿತೆಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಅತ್ತಿಗೆಯದು ಎಲೆಕ್ಟ್ರಾನಿಕ್ ಸಂಗೀತ. ಅವರು ಕೀಲಿಮಣೆಯ ಸಿಂಥ್ ನುಡಿಸಿದರೆ ಪಕ್ಕದಲ್ಲಿ ಮೈದುನ, ತಾಳ ಹಾಕುವ ಡ್ರಮ್ ಮಷೀನ್ ನೋಡಿಕೊಳ್ಳುತ್ತಿದ್ದ. ಈ ಕಸುಬಿನಲ್ಲಿ ಮನೆಯಲ್ಲೇ ಧ್ವನಿಮುದ್ರಿಸಿ ತಂದದ್ದನ್ನು ಹಾಕಿ, ವೇದಿಕೆಯ ಮೇಲೆ ಗುಂಡಿ ತಿರುಗಿಸುವಂತೆ ನಟಿಸುತ್ತ ತಲೆದೂಗಿದರೂ ಕೇಳುಗರಿಗೆ ಗೊತ್ತಾಗುವುದಿಲ್ಲ. ಒಬ್ಬ ಧ್ವನಿವರ್ಧಕದವನು ಅತ್ತಿಗೆಗೂ ಅದೇ ಬುದ್ಧಿ ಹೇಳಿದ್ದ: ಪೆಟ್ಟಿಗೆ ಎಲ್ಲ ನೋಡಿಕೊಳ್ಳುತ್ತದೆ, ನೀವ್ಯಾಕೆ ಒದ್ದಾಡುತ್ತೀರಿ?

"ಹಾಗಿದ್ರೆ ಪೆಟ್ಟಿಗೇನೇ ಕರೆಸ್ಬೇಕಿತ್ತಪ್ಪ, ಊಟದ ಖರ್ಚೂ ಉಳೀತಿತ್ತು," ಎಂದಿದ್ದರು ಅತ್ತಿಗೆ.

ಮಾತು ನಗೆಯದಾದರೂ ಹಟ ನಗೆಯದಲ್ಲ. ಹಿಂದಿನ ತಂಡದವರು ಎಷ್ಟು ಹೇಳಿದರೂ ಮುದ್ರಿಸಿದ್ದನ್ನು ಹಾಕುವುದು ಬಿಡದಿದ್ದಾಗ ಅವರು ಆ ತಂಡವನ್ನೇ ಬಿಟ್ಟಿದ್ದರು. ಮರುದಿನದಿಂದ ಆ ತಂಡದವರ ಫೋನನ್ನೂ ಎತ್ತಲಿಲ್ಲ. ಅದು ಮೈದುನನಿಗೆ ಗೊತ್ತಿತ್ತು. ಗೊತ್ತಿದ್ದೂ, ಹೋದ ಸಲ ಯಂತ್ರ ಕೆಟ್ಟು ಜನ ಸಿಳ್ಳೆ ಹಾಕಿದ ಮೇಲೆ ಅವನಿಗೆ ಧೈರ್ಯ ಉಳಿದಿರಲಿಲ್ಲ. ದೊಡ್ಡ ಸಭಾಂಗಣದ ಆ ಸಂಜೆ, ಮಧ್ಯಾಹ್ನದ ತಾಲೀಮನ್ನು ಗುಟ್ಟಾಗಿ ಮುದ್ರಿಸಿ, ಅದರ ಸದ್ದು ಏರಿಳಿಸುವ ಫೇಡರನ್ನು ಪೂರ್ತಿ ಕೆಳಗಿಳಿಸಿ, ಸದ್ದಿಲ್ಲದೆ ಓಡಲು ಬಿಟ್ಟಿದ್ದ. ಯಂತ್ರ ಕೆಟ್ಟರೆ ಬೆರಳಿನಿಂದ ಒಂದಿಷ್ಟು ಮೇಲೆ ತಳ್ಳಿದರೆ ಸಾಕು.

ಅವನು ಮರೆತದ್ದು ಅತ್ತಿಗೆಯ ಇನ್ನೊಂದು ರೂಢಿಯನ್ನು. ಖಾಲಿ ಸಭಾಂಗಣದಲ್ಲಿ ಒಂದು ಚಪ್ಪಾಳೆ ತಟ್ಟಿ ಮಾರ್ದನಿ ಆಲಿಸಿ ಲಯ ನಿಗದಿ ಮಾಡುತ್ತಿದ್ದರು. ಜನ ತುಂಬಿದ ಮೇಲೆ ಮತ್ತೊಮ್ಮೆ ತಟ್ಟುತ್ತಿದ್ದರು. ಮೈಗಳೂ ಬಟ್ಟೆಗಳೂ ಮಾರ್ದನಿಯನ್ನು ಹೀರಿಕೊಂಡಷ್ಟು ಲಯವನ್ನು ಚುರುಕುಗೊಳಿಸುತ್ತಿದ್ದರು. ಆ ಸಂಜೆಯೂ ಚುರುಕುಗೊಳಿಸಿದ್ದರು.

ಕಛೇರಿಯ ನಡುಮಧ್ಯದಲ್ಲಿ ಡ್ರಮ್ ಮಷೀನಿನ ದೀಪ ಆರಿತು. ಅತ್ತಿಗೆಯ ಮಂದ್ರದ ಓಟವೊಂದೇ ಉಳಿಯಿತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಸಿಳ್ಳೆ ಇನ್ನೇನು ಬಂತು ಎಂದುಕೊಂಡ ಮೈದುನ ಫೇಡರನ್ನು ಮೇಲೆ ತಳ್ಳಿದ. ತಾಲೀಮಿನ ನಿಧಾನ ಲಯವೂ ಈಗಿನ ಚುರುಕು ಲಯವೂ, ಕಿರಿದಾದ ಬಾಗಿಲಲ್ಲಿ ಒಟ್ಟಿಗೇ ನುಗ್ಗಿದ ಇಬ್ಬರಂತೆ ಒಂದನ್ನೊಂದು ತಳ್ಳಾಡಿದವು.

ಅತ್ತಿಗೆ ತಿರುಗಿ ನೋಡಲಿಲ್ಲ. ತಮ್ಮ ಸಿಂಥನ್ನು ನಿಲ್ಲಿಸಿ, ಎರಡೂ ಕೈ ತೆಗೆದು, ಬೆಳಕಿನಲ್ಲಿ ಸುಮ್ಮನೆ ನಿಂತರು. ಸಂಗೀತ ಮಾತ್ರ ನಡೆದೇ ಇತ್ತು. ಯಾರೂ ಮುಟ್ಟದೆ ನುಡಿಯುತ್ತಿದ್ದ ಆ ಸಂಗೀತವನ್ನು ಸಭೆಯೆಲ್ಲ ನೋಡಿತು.

ಮೈದುನನ ಕೈ ಬೆವರಿ ಫೇಡರಿನ ಮೇಲೆ ಜಾರಿತು. ಅದನ್ನು ಕೆಳಗಿಳಿಸಿದ. ಸಂಗೀತ ನಿಂತಿತು.

"ಬೆರಳಿದೆಯಲ್ಲ, ತಟ್ಟು," ಎಂದರು ಅತ್ತಿಗೆ, ಅವನಿಗಷ್ಟೇ ಕೇಳುವಂತೆ.

ತಟ್ಟಿದರೆ ಡ್ರಮ್ಮಿನ ಸದ್ದು ಕೊಡುವ ಪಕ್ಕದ ಚಿಕ್ಕ ಪೆಟ್ಟಿಗೆಯ ರಬ್ಬರ್ ಗುಂಡಿಗಳನ್ನು ಅವನು ಬೆರಳಿನಿಂದಲೇ ತಟ್ಟತೊಡಗಿದ. ಅತ್ತಿಗೆ ಮತ್ತೆ ಸಿಂಥಿಗೆ ಕೈ ಹಚ್ಚಿದರು. ಮೊದಲು ಅವನು ಎಡವಿದ. ಅವನು ಎಡವಿದಲ್ಲೆಲ್ಲ ಅತ್ತಿಗೆ ಒಂದು ಸ್ವರವನ್ನು ಉದ್ದಕ್ಕೆ ಎಳೆದು ಕಾದರು. ಹಿಂದಿನ ಸಾಲಿನಿಂದ ಕೆಲವರು ಎದ್ದು ಹೋದರು. ಉಳಿದವರು ಮುಗಿಯುವ ತನಕ ಅಲುಗಲಿಲ್ಲ.

ತಂತಿ ಸುತ್ತುವಾಗ, ಬೈಗುಳಕ್ಕೆ ಕಾದು ಸಾಕಾಗಿ ಅವನೇ ಕೇಳಿದ: "ಮುಂದಿನ ಕಛೇರಿಗೆ ನಾನು ಬೇಡ ಅಲ್ವಾ, ಅತ್ತಿಗೆ?"

"ನಾಳೆಯಿಂದ ದಿನಾ ಬೆರಳಲ್ಲೇ ಅಭ್ಯಾಸ ಮಾಡು. ಎಡಗೈ ತೀರಾ ಸೋಮಾರಿ ನಿಂದು."

ಪಿಟೀಲಿನವನ ಬೆರಳು ಎಲ್ಲರಿಗೂ ಕಾಣುತ್ತದೆ. ನಟಿಸಲು ಅವನಿಗೆ ಅವಕಾಶವೇ ಕಡಿಮೆ. ನಟಿಸಿದರೆ ಯಾರಿಗೂ ತಿಳಿಯದ ಜಾಗದಲ್ಲಿ ನಿಂತೂ ನಟಿಸದವರ ಜಾತಿಯೇ ಬೇರೆ. ಅಂಥವರ ಪಕ್ಕದಲ್ಲಿ ನಿಲ್ಲುವುದು ಸುಖದ ಕೆಲಸವಲ್ಲ, ಬೆವರು ಆರುವುದಿಲ್ಲ. ನಮ್ಮ ತಪ್ಪನ್ನು ಅವರು ಮುಚ್ಚಿಯೂ ಹಾಕುವುದಿಲ್ಲ, ಅದಕ್ಕಾಗಿ ನಮ್ಮನ್ನು ಬಿಟ್ಟೂ ಹೋಗುವುದಿಲ್ಲ. ಸರಿಯಾಗಿ ತಟ್ಟುವ ತನಕ ಒಂದು ಸ್ವರ ಹಿಡಿದು ಕಾಯುತ್ತಾರೆ.