ಉದ್ದಸಾಲಿನ ಲೆಕ್ಕ

ಲ್ಯಾಪ್‌ಟಾಪಿಗೆ ಜಾಗ ಮಾಡಲು ಎಂಜಿನಿಯರ್ ಮೇಜಿನ ಮೇಲಿದ್ದ ಹೂವಿನ ಬುಟ್ಟಿಯನ್ನು ಕೆಳಗಿಟ್ಟ.

“ಏನಪ್ಪಾ, ಸಾವಿನ ಮನೇಲೂ ಆಫೀಸಾ?” ಸತ್ತವಳ ಮೈದುನ ಕೇಳಿದ.

“ನದಿಗೆ ರಜಾ ಇಲ್ವಲ್ಲ ಸಾರ್.”

ಒಳಗೆ ಮಲಗಿಸಿದ್ದಾಕೆ ನಿವೃತ್ತಿಯವರೆಗೂ ಪ್ರವಾಹ ಕಚೇರಿಯಲ್ಲಿ ಒಂದೇ ಪ್ರೋಗ್ರಾಂ ಬರೆದು, ತಿದ್ದಿ, ಸಾಕಿದವಳು. ಮಳೆಯ ಅಂಕಿ ಕೊಟ್ಟರೆ ನೀರು ಎಲ್ಲಿ ಏರುತ್ತದೆಂದು ಹೇಳುವ, ಫೋರ್ಟ್ರಾನ್ ಎಂಬ ಹಳೇ ಕಂಪ್ಯೂಟರ್ ಭಾಷೆಯ ಲೆಕ್ಕ ಅದು. ಅದನ್ನು ಓಡಿಸುತ್ತಿದ್ದ ಹಳೇ ಕಂಪ್ಯೂಟರ್ ಮೊನ್ನೆ ಕೆಟ್ಟಿತು. ಈಗ ಅದೇ ಲೆಕ್ಕವನ್ನು ಪೈಥಾನ್ ಎಂಬ ಹೊಸ ಭಾಷೆಗೆ ಜೋಡಿಸಿ ಓಡಿಸಬೇಕು; ಆ ಜೋಡಣೆ ಅದೇ ಕಚೇರಿಯ ಈ ಎಂಜಿನಿಯರನದು. ಬೆಳಿಗ್ಗೆಯಿಂದ ಲೆಕ್ಕವು ಗುಡ್ಡದ ನೆತ್ತಿ ಮುಳುಗುತ್ತದೆ, ನದಿದಂಡೆಯ ಕೆಳಕೇರಿಗೆ ಹನಿ ನೀರೂ ಬರುವುದಿಲ್ಲ ಎನ್ನುತ್ತಿತ್ತು. ಕೆಳಕೇರಿ ಖಾಲಿ ಮಾಡಿಸಬೇಕೋ ಬೇಡವೋ, ಅವನು ಈಗಲೇ ಹೇಳಬೇಕು.

“ಅತ್ತಿಗೆ ಜೊತೆ ಲೆಕ್ಕಕ್ಕೂ ಅರಳುಮರಳು. ಬಿಸಾಕಿ ಹೊಸದು ತಗೊಳ್ರಿ.”

“ಸಾಕು ಚಿಕ್ಕಪ್ಪ,” ಎಂದಳು ಮಗಳು. “ಅಮ್ಮ ಇನ್ನೂ ಮನೇಲೇ ಇದ್ದಾಳೆ.”

*

“ಮೇಡಂ, ಎಲ್ಲಾ ಹೊಸದಾಗಿ ಬರೆದುಬಿಡ್ಲಾ?” ಕಂಪ್ಯೂಟರ್ ಕೆಟ್ಟ ದಿನ ಆಸ್ಪತ್ರೆಯಲ್ಲಿ ಅವನು ಆಕೆಯನ್ನು ಕೇಳಿದ್ದ.

“ಕೊಬ್ಬು ನಿಂಗೆ. ಬಾಗಿಲು ಇಡೋ ಅಂದ್ರೆ ಮನೆ ಕೆಡವ್ತೀನಿ ಅಂತೀಯ.” ಆಕೆ ಮಾತ್ರೆಗಳ ಹಾಳೆ ಎತ್ತಿದಳು. “ಇದನ್ನ ಹ್ಯಾಗೆ ಎಣಿಸ್ತೀಯ?”

ಅವನು ಎಡದಿಂದ ಬಲಕ್ಕೆ ಬೆರಳಾಡಿಸಿದ.

“ನಿನ್ನ ಪೈಥಾನೂ ಹಾಗೇ, ಅಡ್ಡಕ್ಕೆ. ನನ್ನದು ಮೇಲಿಂದ ಕೆಳಕ್ಕೆ, ಉದ್ದಕ್ಕೆ. ಜೋಡಿಸೋವಾಗ ನೋಡ್ಕೋ.”

ಅವನು ಹೂಂಗುಟ್ಟಿದ್ದ. ಕೇಳಿಸಿಕೊಂಡಿರಲಿಲ್ಲ.

*

ಎಂಜಿನಿಯರ್ ಮಳೆಯ ಕೋಷ್ಟಕದ ಅಡ್ಡಸಾಲುಗಳನ್ನು ಉದ್ದಸಾಲು ಮಾಡಿ ಮತ್ತೆ ಓಡಿಸಿದ. ನಕ್ಷೆಯಲ್ಲಿ ಗುಡ್ಡದ ಕೆಂಪು ಇಳಿಯಿತು. ಕೆಳಕೇರಿ ಪೂರ್ತಿ ಕೆಂಪಾಯಿತು. ಫೋನ್ ತೆಗೆದು ತಹಶೀಲ್ದಾರರಿಗೆ ಹಚ್ಚಿದ.

“ಸಾರ್, ಖಾಲಿ ಮಾಡಿಸಿ.”

“ಬೆಳಿಗ್ಗೆ ಏನೂ ಇಲ್ಲ ಅಂದ್ಯಲ್ಲಯ್ಯಾ! ನೀರು ಬರದಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ.”

“ಮೇಡಂ ಲೆಕ್ಕ ಸರಿಯಾಗೇ ಇದೆ. ನಾನೇ ಉಲ್ಟಾ ಕೊಟ್ಟಿದ್ದೆ. ಉಗಿದ್ರೆ ನನ್ನ ಹೆಸರು ಹೇಳಿ.”

ಶವದ ವ್ಯಾನು ಮಧ್ಯಾಹ್ನ ಹೊರಟಿತು. ಸ್ಮಶಾನಕ್ಕೆ ಇಳಿಯುವ ಇಕ್ಕಟ್ಟಾದ ದಾರಿಯಲ್ಲಿ ಕೆಳಕೇರಿಯೇ ಎದುರು ಬರುತ್ತಿತ್ತು: ತಲೆ ಮೇಲೆ ಹಾಸಿಗೆ, ಕಂಕುಳಲ್ಲಿ ಕೂಸು, ಬೈಕಿಗೆ ಕಟ್ಟಿದ ಗ್ಯಾಸ್ ಸಿಲಿಂಡರ್. ಅವರ ಬೆನ್ನ ಹಿಂದೆ ಕೊನೆಯ ಮನೆಗಳ ಮೆಟ್ಟಿಲಿಗೆ ಕಂದು ನೀರು ಹತ್ತಿತ್ತು.

ಡ್ರೈವರ್ ಹಾರ್ನ್ ಒತ್ತಿದ.

“ಬೇಡಪ್ಪ,” ಎಂದಳು ಮಗಳು. “ಅವರು ಮೊದಲು ಹೋಗ್ಲಿ. ಅಮ್ಮಂಗೇನೂ ಅವಸರ ಇಲ್ಲ.”

ವ್ಯಾನು ಗೋಡೆಗೆ ಒತ್ತಿ ನಿಂತಿತು. ಮಂಚ ಹೊತ್ತ ಒಬ್ಬ ಕಿಟಕಿಗೆ ಬಗ್ಗಿ, “ಯಾರು ಹೋದದ್ದು?” ಎಂದ. ಹಿಂದಿನವನು “ನಡಿಯೋ ಮಾರಾಯ, ಭಾರ ಆಗ್ತಿದೆ” ಎಂದು ನೂಕಿದ. ಉತ್ತರಕ್ಕೆ ಕಾಯದೆ ಮಂಚ ಮೇಲಕ್ಕೆ ಹೋಯಿತು.